ಹಿಂಡಿನೊಳಗಿನ ಒಂದೊಂದು ಜಿರಾಫೆ

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವು 1892ರಲ್ಲಿ ಸ್ಥಾಪಿತವಾದುದು. ಅಲ್ಲಿಗೆ ಹೋದವರಲ್ಲಿ ಜಿರಾಫೆಗಳ ಆವರಣದ ಮುಂದೆ ನಿಲ್ಲದೆ ಬಂದವರು ವಿರಳ. ನಿಂತವರು ಆಡುವ ಮಾತೂ ಹೆಚ್ಚುಕಡಮೆ ಒಂದೇ: ಎಷ್ಟು ಉದ್ದದ ಕತ್ತು, ಎಷ್ಟು ಎತ್ತರದ ಕಾಲು! ನೋಡುವವರ ಕಣ್ಣಿಗೆ ಅಲ್ಲಿರುವುದು 'ಜಿರಾಫೆ' ಎಂಬ ಒಂದು ಪ್ರಾಣಿ. ಅದರ ನಾಲ್ಕಾರು ಪ್ರತಿಗಳು ಬಯಲಿನಲ್ಲಿ ಅಡ್ಡಾಡುತ್ತಿರುತ್ತವೆ, ಅಷ್ಟೆ. ಆದರೆ ಯಾವ ಮೃಗಾಲಯದಲ್ಲೇ ಆಗಲಿ, ಅವುಗಳಿಗೆ ದಿನವೂ ಸೊಪ್ಪು ನೀರು ಕೊಡುವ ಪಾಲಕನನ್ನು ವಿಚಾರಿಸಿ ನೋಡಿದರೆ ಬೇರೆಯ ಬಗೆಯ ಉತ್ತರ ಬರುತ್ತದೆ. ಇದು ಪುಕ್ಕಲು, ಅದು ಜಗಳಗಂಟಿ. ಈ ಹೆಣ್ಣು ಹೊಸಬರನ್ನು ಕಂಡರೆ ತಾನಾಗಿಯೇ ಬಳಿಗೆ ಬರುತ್ತದೆ, ಇದರ ಮಗಳು ಮಾತ್ರ ಗಾಳಿಗೆ ಎಲೆ ಅಲುಗಿದರೂ ಓಡುತ್ತದೆ ಎಂದು ಅವನು ಹೇಳುತ್ತಾನೆ.

ಪಾಲಕನ ಈ ಮಾತು ನಿಜವಾದ ತಿಳಿವಳಿಕೆಯೋ, ಅಥವಾ ಸಾಕಿದವನ ಮಮತೆಯೋ? ನಾವು ಭೌತವಿಜ್ಞಾನವನ್ನು ಬೋಧಿಸುವವರಾದುದರಿಂದ ಈ ಪ್ರಶ್ನೆ ನಮಗೆ ತುಸು ವಿಚಿತ್ರವಾಗಿಯೇ ತೋರುತ್ತದೆ. ನಮ್ಮ ಶಾಸ್ತ್ರದಲ್ಲಿ ಒಂದು ಇಲೆಕ್ಟ್ರಾನಿಗೂ ಮತ್ತೊಂದು ಇಲೆಕ್ಟ್ರಾನಿಗೂ ಯಾವ ಭೇದವೂ ಇಲ್ಲ. ಒಂದನ್ನು ಅರಿತರೆ ಎಲ್ಲವನ್ನೂ ಅರಿತಂತೆ. ಬಹುಕಾಲ ಪ್ರಾಣಿಶಾಸ್ತ್ರವೂ ಈ ಮಾದರಿಯನ್ನೇ ಅನುಸರಿಸಲು ಯತ್ನಿಸಿತು. ಜಾತಿಯ ಸಾಮಾನ್ಯ ಲಕ್ಷಣವನ್ನು ಹೇಳಿದರೆ ಸಾಕು, ಒಂದೊಂದು ಪ್ರಾಣಿಯ ವ್ಯತ್ಯಾಸವೆಂಬುದು ಅಳತೆಯಲ್ಲಿ ನುಸುಳುವ ದೋಷದಂತೆ ತಳ್ಳಿಹಾಕತಕ್ಕದ್ದು ಎಂದು ಪಂಡಿತರು ಭಾವಿಸಿದ್ದರು. ಹೀಗೆ ತಳ್ಳಿಹಾಕಿದುದನ್ನು ಮತ್ತೆ ಎತ್ತಿಕೊಂಡು ಪರೀಕ್ಷಿಸುವ ಕೆಲಸ ಕಳೆದ ಕೆಲವು ದಶಕಗಳಲ್ಲಿ ನಡೆದಿದೆ.

ಮೊದಲು ಸ್ವಭಾವ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಜಿರಾಫೆ ಇಂದು ಬೆದರಿ ಓಡಿತೆಂಬ ಮಾತ್ರಕ್ಕೆ ಅದು ಪುಕ್ಕಲೆಂದು ಹೇಳಲಾಗದು. ಇಂದು ಬೆದರಿದುದು ಮುಂದಿನ ತಿಂಗಳೂ ಬೆದರಬೇಕು. ಹೊಸ ಬಕೀಟನ್ನು ಕಂಡು ಹಿಂದೆಗೆದುದು ಹೊಸ ಮನುಷ್ಯನನ್ನು ಕಂಡಾಗಲೂ ಹಿಂದೆಗೆಯಬೇಕು. ಅದೇ ಸಂದರ್ಭದಲ್ಲಿ ಪಕ್ಕದ ಪ್ರಾಣಿ ಬೇರೆ ರೀತಿಯಲ್ಲಿ ವರ್ತಿಸಬೇಕು. ಕಾಲ ಬದಲಾದರೂ ಸಂದರ್ಭ ಬದಲಾದರೂ ಮಾಸದೆ ಉಳಿಯುವ ಇಂಥ ವ್ಯತ್ಯಾಸಕ್ಕೆ ಮಾತ್ರ ವಿಜ್ಞಾನಿಗಳು ಸ್ವಭಾವವೆಂಬ ಹೆಸರನ್ನು ಕೊಡುತ್ತಾರೆ.

ಇದನ್ನು ಅಳೆಯಲು ಎರಡು ಮಾರ್ಗಗಳುಂಟು. ಪ್ರಾಣಿಯ ಮುಂದೆ ಹೊಸ ವಸ್ತುವೊಂದನ್ನು ಇರಿಸಿ ಅದು ಎಷ್ಟು ನಿಮಿಷಕ್ಕೆ ಹತ್ತಿರ ಬರುತ್ತದೆಂದು ಗಡಿಯಾರ ಹಿಡಿದು ಎಣಿಸುವುದು ಒಂದು. ಪ್ರಾಣಿಯನ್ನು ಚೆನ್ನಾಗಿ ಬಲ್ಲವರಿಂದ ಅಂಕ ಹಾಕಿಸುವುದು ಇನ್ನೊಂದು. ಎರಡನೆಯದು ಕೇಳುವುದಕ್ಕೆ ಸಡಿಲವೆಂದು ಕಾಣುತ್ತದೆ. ಆದರೆ ಅಂಕ ಹಾಕುವವರನ್ನು ಬೇರೆ ಬೇರೆ ಕೂರಿಸಿ, ಒಬ್ಬರ ಅಂಕ ಇನ್ನೊಬ್ಬರಿಗೆ ತಿಳಿಯದಂತೆ ನೋಡಿಕೊಂಡು, ಕೊನೆಯಲ್ಲಿ ಹೋಲಿಸಿದರೆ ಸತ್ಯ ಹೊರಬೀಳುತ್ತದೆ. ಎಲ್ಲವೂ ಬರಿಯ ಕಲ್ಪನೆಯಾಗಿದ್ದರೆ ನಾಲ್ವರ ಅಂಕ ನಾಲ್ಕು ದಿಕ್ಕಿಗೆ ಹೋಗಬೇಕು. ಅಮೆರಿಕದ ಬರ್ಕ್ಲಿಯಲ್ಲಿ ಸಾಕಿದ್ದ 34 ಕತ್ತೆಕಿರುಬಗಳಿಗೆ ನಾಲ್ವರು ವೀಕ್ಷಕರಿಂದ ಹೀಗೆ ಅಂಕ ಹಾಕಿಸಿದ ವರದಿಯೊಂದು 1998ರಲ್ಲಿ ಪ್ರಕಟವಾಯಿತು. ಅಂಕಗಳು ಗಮನಾರ್ಹವಾಗಿ ಹೊಂದಿಕೊಂಡವು. ಬರ್ಮಾ ದೇಶದಲ್ಲಿ ಮರ ಸಾಗಿಸುವ ಇನ್ನೂರೈವತ್ತಕ್ಕೂ ಹೆಚ್ಚು ಆನೆಗಳ ವಿಷಯದಲ್ಲಿ ಮಾವುತರನ್ನೇ ಕೇಳಿ ನಡೆಸಿದ ಸಂಶೋಧನೆ 2018ರಲ್ಲಿ ಹೊರಬಂದಿತು. ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ದಸರೆಯ ಜಂಬೂಸವಾರಿಯಲ್ಲಿ ಚಿನ್ನದ ಅಂಬಾರಿಯನ್ನು ಹೊರಲು ಬಲವುಳ್ಳ ಆನೆಯಿದ್ದರೆ ಸಾಲದು, ಲಕ್ಷಾಂತರ ಜನರ ಗದ್ದಲದಲ್ಲಿ ಕದಡದ ಆನೆ ಬೇಕು. ಬಲರಾಮನೆಂಬ ಆನೆಯು ಅನೇಕ ವರ್ಷ ಆ ಹೊರೆಯನ್ನು ಹೊತ್ತುದು ಶಾಂತ ಸ್ವಭಾವದ ಬಲದಿಂದ.

ಆನೆಯನ್ನು ಗುರುತಿಸುವುದು ಸುಲಭ, ದಂತವೋ ಕಿವಿಯ ಹರಕೋ ಸಾಕು. ಜಿರಾಫೆಗಳನ್ನು ಗುರುತಿಸುವುದು ಹೇಗೆ? ಇಲ್ಲಿ ಪ್ರಕೃತಿಯೇ ಸಹಾಯ ಮಾಡಿದೆ. ಜಿರಾಫೆಯ ಮೈಮೇಲಿನ ಮಚ್ಚೆಗಳ ವಿನ್ಯಾಸ ಒಂದರಂತೆ ಇನ್ನೊಂದಕ್ಕಿಲ್ಲ. ನಮ್ಮ ಬೆರಳಚ್ಚಿನಂತೆ ಹುಟ್ಟಿದಂದಿನಿಂದ ಸಾಯುವವರೆಗೂ ಅದರ ಆಕಾರ ಉಳಿದುಬರುತ್ತದೆ. ವಯಸ್ಸಾದಂತೆ, ಮುಖ್ಯವಾಗಿ ಗಂಡುಗಳಲ್ಲಿ, ಬಣ್ಣ ಕಪ್ಪಾಗಬಹುದು, ರೇಖೆ ಬದಲಾಗದು. ಮಚ್ಚೆಯ ಅಂಚು ಎಷ್ಟು ನಯ, ಎಷ್ಟು ಸೀಳು ಎಂಬಂಥ ಕೆಲವು ಲಕ್ಷಣಗಳು ತಾಯಿಯಿಂದ ಮರಿಗೆ ಬರುತ್ತವೆಂದು ಟಾಂಜಾನಿಯದ ಜಿರಾಫೆಗಳ ಚಿತ್ರಗಳನ್ನು ಅಳೆದು 2018ರಲ್ಲಿ ತೋರಿಸಲಾಯಿತು.

ಮಚ್ಚೆಗಳಿಂದ ಒಂದೊಂದು ಜಿರಾಫೆಯನ್ನೂ ಗುರುತಿಸಿ ಅದರ ದಿನಚರಿಯನ್ನು ಬರೆದವರಲ್ಲಿ ಮೊದಲಿಗರೆಂದು ಹೆಸರಾದವರು ಕೆನಡದ ಆನ್ ಇನ್ನಿಸ್ ಎಂಬಾಕೆ. ವಿವಾಹಾನಂತರ ಆನ್ ಇನ್ನಿಸ್ ಡಾಗ್ ಎಂದು ಪ್ರಸಿದ್ಧರಾದರು. 1956ರಲ್ಲಿ, 23 ವರ್ಷದ ತರುಣಿಯಾಗಿದ್ದಾಗ, ಈಕೆ ಒಬ್ಬಳೇ ಹಡಗು ಹತ್ತಿ ದಕ್ಷಿಣ ಆಫ್ರಿಕಕ್ಕೆ ಹೋದರು. ಹೆಂಗಸೆಂದು ತಿಳಿದರೆ ಬಾಗಿಲು ಮುಚ್ಚುವರೆಂಬ ಶಂಕೆಯಿಂದ, ಕ್ರೂಗರ್ ಅಭಯಾರಣ್ಯದ ಸಮೀಪದ ಜಾನುವಾರು ಕ್ಷೇತ್ರವೊಂದರ ಒಡೆಯನಿಗೆ ಬರೆದ ಪತ್ರದಲ್ಲಿ ಪೂರ್ತಿ ಹೆಸರನ್ನು ಹಾಕದೆ ಆದ್ಯಕ್ಷರವನ್ನಷ್ಟೇ ಹಾಕಿದ್ದರು! ಅನುಮತಿ ದೊರೆತ ಮೇಲೆ, ಸುಡುಬಿಸಿಲಿನಲ್ಲಿ ಒಂದು ಹಳೆಯ ಸಣ್ಣ ಕಾರಿನಲ್ಲಿ ಕುಳಿತು ಇಡೀ ದಿನ ಜಿರಾಫೆಗಳನ್ನು ನೋಡುತ್ತ, ಯಾವುದು ಯಾವ ಮರದ ಎಲೆಯನ್ನು ತಿಂದಿತು, ಯಾವುದು ಯಾವುದರ ಬಳಿ ನಿಂತಿತು ಎಂದು ಗುರುತು ಹಾಕುತ್ತ ಹೋದರು. 1976ರಲ್ಲಿ ಇನ್ನೊಬ್ಬ ವಿಜ್ಞಾನಿಯೊಡನೆ ಅವರು ಬರೆದ ಗ್ರಂಥವು ಜಿರಾಫೆಯನ್ನು ಅಭ್ಯಸಿಸುವವರಿಗೆ ಇಂದಿಗೂ ಅಡಿಗಲ್ಲು. ಅವರು ಕಾಲವಾದುದು 2024ರಲ್ಲಿ.

ಕಾಡಿನಲ್ಲಿ ಜಿರಾಫೆಯ ಹಿಂಡು ಗಳಿಗೆಗೊಮ್ಮೆ ಕೂಡುತ್ತದೆ, ಗಳಿಗೆಗೊಮ್ಮೆ ಚದರುತ್ತದೆ. ಆದುದರಿಂದ ಅವುಗಳಲ್ಲಿ ಸ್ನೇಹವಾಗಲಿ ಹಗೆಯಾಗಲಿ ಇರಲಾರದು, ಪರಸ್ಪರ ಉದಾಸೀನವಾಗಿರುತ್ತವೆ ಎಂಬ ಅಭಿಪ್ರಾಯ ಬಹುಕಾಲ ಬೇರೂರಿತ್ತು. ಈ ಅಭಿಪ್ರಾಯವನ್ನು ಅಲುಗಿಸಲು ಮೃಗಾಲಯದ ಹಿಂಡುಗಳು ಬಹಳ ಉಪಯುಕ್ತವಾದವು. ಅಲ್ಲಿ ಅವೇ ಪ್ರಾಣಿಗಳು ವರ್ಷಗಟ್ಟಲೆ ಕಣ್ಣೆದುರಿನಲ್ಲಿರುತ್ತವೆ, ಯಾವುದು ಯಾವುದರ ಮಗಳೆಂಬುದು ದಾಖಲೆಯಲ್ಲಿರುತ್ತದೆ. ಅಟ್ಲಾಂಟ ನಗರದ ಮೃಗಾಲಯದಲ್ಲಿ ಒಂದು ಗಂಡನ್ನು ಹಿಂಡಿನಿಂದ ಬೇರೆಡೆಗೆ ಸಾಗಿಸಿದಾಗ ಉಳಿದ ಎರಡು ಹೆಣ್ಣುಗಳ ನಡತೆಯನ್ನು ಗಮನಿಸಿದ ವರದಿ 2000ದಲ್ಲಿ ಪ್ರಕಟವಾಯಿತು. ಹೆಣ್ಣುಗಳು ಸುಮ್ಮನೆ ಮೇಯುತ್ತ ಉಳಿಯಲಿಲ್ಲ. ಅವುಗಳ ಅಲೆದಾಟ ಹೆಚ್ಚಿತು, ಸುತ್ತಮುತ್ತ ಕಣ್ಣಿಟ್ಟು ನೋಡುವುದು ಹೆಚ್ಚಿತು, ಒಂದನ್ನೊಂದು ಮುಟ್ಟುವುದೂ ಹೆಚ್ಚಿತು. ಸ್ಯಾನ್ ಡಿಯೇಗೋ ನಗರದ ವನ್ಯಪ್ರಾಣಿ ಉದ್ಯಾನದ ಹೆಣ್ಣು ಜಿರಾಫೆಗಳನ್ನು ಕುರಿತು 2007ರಲ್ಲಿ ಬಂದ ಲೇಖನವು ಇನ್ನೂ ನೇರವಾಗಿದೆ. ಯಾವ ಹೆಣ್ಣು ಯಾವುದರ ಸಮೀಪ ನಿಂತಿತೆಂಬುದನ್ನು ಎಣಿಸಿದಾಗ, ಆಕಸ್ಮಿಕವಾಗಿ ನಿಂತಿದ್ದರೆ ಬರಬೇಕಾಗಿದ್ದ ಸಂಖ್ಯೆಗೂ ನಿಜವಾದ ಸಂಖ್ಯೆಗೂ ತಾಳೆಯಾಗಲಿಲ್ಲ. ಪ್ರತಿಯೊಂದಕ್ಕೂ ಮೆಚ್ಚಿನ ಸಂಗಾತಿಗಳಿದ್ದವು. ತಾಯಿ ಮಗಳ ಜೊತೆಗಳು ಅವುಗಳಲ್ಲಿ ಮುಖ್ಯವಾದುವು.

ಜೆಕ್ ದೇಶದ ಸಂಶೋಧಕರು ಮೃಗಾಲಯದ ಹಿಂಡುಗಳಲ್ಲಿ ಯಾರು ಯಾರಿಗೆ ದಾರಿ ಬಿಡುತ್ತಾರೆಂಬುದನ್ನು ಗುರುತು ಹಾಕಿ 2015ರಲ್ಲಿ ಪ್ರಕಟಿಸಿದರು. ನೋಡುವವರಿಗೆ ಸಮಾನರಂತೆ ಕಾಣುವ ಈ ಪ್ರಾಣಿಗಳಲ್ಲಿ ಮೇಲು ಕೀಳೆಂಬ ಕ್ರಮ ಸ್ಪಷ್ಟವಾಗಿಯೇ ಇದೆ. ವಯಸ್ಸಾದವು, ಹಿಂಡಿಗೆ ಮೊದಲು ಬಂದವು ಮೇಲಿನ ಮೆಟ್ಟಿಲಿನಲ್ಲಿರುತ್ತವೆ. ಅವರೇ ಮುಂದಿನ ವರ್ಷ ಇನ್ನೊಂದು ಸ್ವಾರಸ್ಯವಾದ ವಿಷಯವನ್ನು ಹೇಳಿದರು. ಜಿರಾಫೆಯ ಮರಿಗಳು ತಾಯಿಯಲ್ಲದ ಹೆಣ್ಣುಗಳ ಹಾಲನ್ನೂ ಕುಡಿಯುತ್ತವೆ, ಅದೂ ಅಪರೂಪವಾಗಿಯಲ್ಲ. ಮೆಲ್ಲಗೆ ಹಿಂದಿನಿಂದ ಬಂದು ಕದ್ದು ಕುಡಿಯುವ ಮರಿಗಳುಂಟು, ತಿಳಿದೂ ತಿಳಿಯದಂತೆ ನಿಲ್ಲುವ ತಾಯಂದಿರುಂಟು, ಒದ್ದು ಓಡಿಸುವವೂ ಉಂಟು. ಕೂಡುಕುಟುಂಬದಲ್ಲಿ ಬೆಳೆದ ವಾಚಕರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ಹಾಗೆಂದು ಎಲ್ಲದರಲ್ಲಿಯೂ ವ್ಯತ್ಯಾಸವನ್ನೇ ಹುಡುಕುವುದು ತಪ್ಪು. ಬಾರ್ಸಿಲೋನ ಮೃಗಾಲಯದ ನಾಲ್ಕು ಜಿರಾಫೆಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವನ್ನು ಇಲ್ಲಿ ಹೇಳಬೇಕು. ಎರಡು ಪಾರದರ್ಶಕ ಡಬ್ಬಿಗಳಲ್ಲಿ ಕ್ಯಾರೆಟ್ಟಿನ ತುಂಡುಗಳನ್ನೂ ಸೌತೆಯನ್ನು ಹೋಲುವ ಜುಕೀನಿ ಎಂಬ ಕಾಯಿಯ ತುಂಡುಗಳನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಇಟ್ಟರು. ಜಿರಾಫೆಗಳಿಗೆ ಪ್ರಿಯವಾದುದು ಕ್ಯಾರೆಟ್. ಪ್ರಯೋಗ ಮಾಡುವವನು ಒಂದೊಂದು ಡಬ್ಬಿಯಿಂದ ಒಂದೊಂದು ತುಂಡನ್ನು ಮುಷ್ಟಿಯಲ್ಲಿ ಮುಚ್ಚಿ ತೆಗೆದು ಎರಡು ಕೈಗಳನ್ನೂ ಚಾಚಿದಾಗ, ಕ್ಯಾರೆಟ್ಟಿನ ಪ್ರಮಾಣ ಹೆಚ್ಚಾಗಿದ್ದ ಡಬ್ಬಿಯಿಂದ ಬಂದ ಕೈಯನ್ನೇ ಅವು ಮತ್ತೆ ಮತ್ತೆ ಆರಿಸಿದವು. ಎರಡರಲ್ಲಿಯೂ ಕ್ಯಾರೆಟ್ಟಿನ ಸಂಖ್ಯೆ ಒಂದೇ ಆಗಿದ್ದು ಜುಕೀನಿ ಮಾತ್ರ ಹೆಚ್ಚುಕಡಮೆಯಾಗಿದ್ದಾಗಲೂ ಸರಿಯಾದುದನ್ನೇ ಆರಿಸಿದುದರಿಂದ, ಅವು ಕೇವಲ ಸಂಖ್ಯೆಯನ್ನಲ್ಲ, ಪ್ರಮಾಣವನ್ನೇ ಗ್ರಹಿಸುತ್ತವೆಂದು ತಿಳಿಯಿತು. ವಾಸನೆಯ ಬಲದಿಂದ ಹೀಗೆ ಮಾಡಲಿಲ್ಲವೆಂಬುದನ್ನೂ ಪರೀಕ್ಷಿಸಲಾಗಿತ್ತು. ಇಂಟರ್‌ಮೀಡಿಯೆಟ್ ತರಗತಿಯ ಸಂಭಾವ್ಯತೆಯ ಲೆಕ್ಕವನ್ನು ತಪ್ಪು ಮಾಡುವ ನಮ್ಮ ವಿದ್ಯಾರ್ಥಿಗಳು ಇದನ್ನು ಓದಿ ಖಿನ್ನರಾಗಬೇಕಾಗಿಲ್ಲ! ನಾವು ಗಮನಿಸಬೇಕಾದುದು ಇಷ್ಟು: ಈ ಶಕ್ತಿಯಲ್ಲಿ ನಾಲ್ಕೂ ಒಂದೇ ಬಗೆಯಾಗಿ ವರ್ತಿಸಿದವು. ಜಾತಿಗೆ ಸೇರಿದ ಗುಣವಾವುದು, ವ್ಯಕ್ತಿಗೆ ಸೇರಿದ ಗುಣವಾವುದು ಎಂಬುದನ್ನು ಪರೀಕ್ಷೆಯೇ ಬೇರ್ಪಡಿಸಬೇಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಮೃಗಾಲಯದಲ್ಲಿ ಒಂದು ಜಿರಾಫೆ ಗಂಟೆಗಟ್ಟಲೆ ಬೇಲಿಯ ಕಂಬವನ್ನೋ ಗೋಡೆಯನ್ನೋ ನೆಕ್ಕುತ್ತ ನಿಂತಿರುವುದನ್ನು ಅನೇಕರು ಕಂಡಿರಬಹುದು. ಪ್ರೇಕ್ಷಕರು ಇದನ್ನು ಆ ಪ್ರಾಣಿಯ ತಮಾಷೆಯ ಗುಣವೆಂದು ಭಾವಿಸಿ ನಗುತ್ತಾರೆ. 2001ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 257 ಜಿರಾಫೆಗಳನ್ನೂ ಅವುಗಳ ದಾಯಾದಿಗಳಾದ 29 ಓಕಾಪಿಗಳನ್ನೂ ಲೆಕ್ಕ ಹಾಕಿದಾಗ, ಶೇಕಡ 80ರಷ್ಟು ಪ್ರಾಣಿಗಳಲ್ಲಿ ನೆಕ್ಕುವುದೋ ಒಂದೇ ಜಾಡಿನಲ್ಲಿ ಸುತ್ತುವುದೋ ಇಂಥ ಯಾವುದಾದರೊಂದು ಅರ್ಥವಿಲ್ಲದ ಚಾಳಿ ಕಂಡುಬಂದಿತು. ಕಾಡಿನಲ್ಲಿ ಮುಳ್ಳಿನ ನಡುವಿನಿಂದ ಒಂದೊಂದೇ ಎಲೆಯನ್ನು ಬಿಡಿಸಿ ತಿನ್ನುತ್ತ ದಿನದ ಬಹುಭಾಗವನ್ನು ಕಳೆಯುವ, ಸುಮಾರು ಒಂದೂವರೆ ಅಡಿ ಉದ್ದದ ನಾಲಗೆಗೆ ಮೃಗಾಲಯದ ಸಿದ್ಧ ಆಹಾರದಿಂದ ಕೆಲಸ ಸಾಲದೆ ಹೋಗುತ್ತದೆ. ಹೀಗೆ ನೆಕ್ಕುವ ಜಿರಾಫೆ ತನ್ನ ಸ್ವಭಾವವನ್ನಲ್ಲ, ತನ್ನ ಇಕ್ಕಟ್ಟನ್ನು ತೋರಿಸುತ್ತಿರುತ್ತದೆ. ಎರಡನ್ನೂ ಒಂದೆಂದು ತಿಳಿದರೆ, ಸರಿಪಡಿಸಬೇಕಾದ ಕೊರತೆಯನ್ನು ಮೆಚ್ಚಿ ಕೂತಂತಾಗುತ್ತದೆ.

ಒಂದೊಂದು ಜಿರಾಫೆಯ ಸ್ವಭಾವವನ್ನು ಅರಿಯುವುದು ಬರಿಯ ಕುತೂಹಲದ ವಿಷಯವಲ್ಲ, ಆ ಪ್ರಾಣಿಯ ಪ್ರಾಣವೇ ಅದನ್ನು ಅವಲಂಬಿಸಿರುತ್ತದೆ. ಇದಕ್ಕೆ ಕಾರಣ ನಮ್ಮ ಭೌತವಿಜ್ಞಾನದಲ್ಲಿಯೇ ಇದೆ. ಬೆಳೆದ ಜಿರಾಫೆಯ ಮಿದುಳು ಹೃದಯಕ್ಕಿಂತ ಸುಮಾರು 2 ಮೀಟರು ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದ ರಕ್ತಸ್ತಂಭವನ್ನು ಎತ್ತಿ ಹಿಡಿಯುವುದಕ್ಕೇ 155 ಮಿಲಿಮೀಟರು ಪಾದರಸದಷ್ಟು ಒತ್ತಡ ಬೇಕೆಂಬುದನ್ನು ವಾಚಕರು ಲೆಕ್ಕ ಮಾಡಿ ನೋಡಬಹುದು. ಮೇಲೆ ತಲುಪಿದ ರಕ್ತ ಮಿದುಳಿನೊಳಗೆ ಹರಿಯಬೇಕಾದ ಒತ್ತಡ ಬೇರೆ. ಎರಡೂ ಕೂಡಿ ಹೃದಯದ ಬಳಿ ಜಿರಾಫೆಯ ರಕ್ತದೊತ್ತಡವು ಮನುಷ್ಯನದರ ಇಮ್ಮಡಿಯಾಗಿರುತ್ತದೆ. ಇಂಥ ಪ್ರಾಣಿಗೆ ಮತ್ತಿನ ಔಷಧವನ್ನು ಕೊಟ್ಟು ಮಲಗಿಸುವುದು ಪಶುವೈದ್ಯರಿಗೆ ದುಃಸ್ವಪ್ನ. ರಕ್ತದೊತ್ತಡ ಏರುಪೇರಾಗುತ್ತದೆ, ಹದಿನಾರು ಹದಿನೇಳು ಅಡಿಯ ದೇಹ ಕುಸಿದು ಕತ್ತು ಕಾಲು ಮುರಿಯಬಹುದು, ಮೆಲುಕು ಹಾಕುವ ಪ್ರಾಣಿಯಾದುದರಿಂದ ಹೊಟ್ಟೆಯಲ್ಲಿದ್ದುದು ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಬಲವಂತವಾಗಿ ಕಟ್ಟಿಹಾಕುವ ಮಾತೂ ಇಲ್ಲ. ಅದರ ಒಂದು ಒದೆಗೆ ಸಿಂಹವೂ ಹೆದರುತ್ತದೆ.

ಆದರೆ ಮೃಗಾಲಯದ ಮೆತ್ತನೆಯ ನೆಲದಲ್ಲಿ ಗೊರಸು ಸವೆಯದೆ ಬೆಳೆಯುತ್ತದೆ, ಅದನ್ನು ಕತ್ತರಿಸದಿದ್ದರೆ ಕೀಲು ಕೆಡುತ್ತದೆ. ಉಳಿದ ಮಾರ್ಗ ಒಂದೇ, ಜಿರಾಫೆಯನ್ನು ಒಲಿಸಿಕೊಳ್ಳುವುದು. ಕೋಲಿನ ತುದಿಯ ಚೆಂಡನ್ನು ಮೂತಿಯಿಂದ ಮುಟ್ಟಿದರೆ ಒಂದು ತಿಂಡಿ. ಮರದ ದಿಮ್ಮಿಯ ಮೇಲೆ ಕಾಲಿಟ್ಟರೆ ಇನ್ನೊಂದು. ಆ ಕಾಲನ್ನು ಅರೆಗಳಿಗೆ ಅಲ್ಲಿಯೇ ಇರಿಸಿ ಅರವನ್ನು ಮುಟ್ಟಗೊಟ್ಟರೆ ಮತ್ತೊಂದು. ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸಿನ ಷೈಯೆನ್ ಮೌಂಟನ್ ಮೃಗಾಲಯವು ದೊಡ್ಡ ಜಿರಾಫೆ ಹಿಂಡಿಗೂ ಈ ಬಗೆಯ ಶಿಕ್ಷಣಕ್ಕೂ ಹೆಸರಾದುದು. ಹೀಗೆ ಕಲಿತ ಜಿರಾಫೆಗಳು ತಾವಾಗಿಯೇ ನಿಂತು ಗೊರಸು ಕತ್ತರಿಸಿಕೊಳ್ಳುತ್ತವೆ, ಕ್ಷಕಿರಣದ ಚಿತ್ರ ತೆಗೆಸಿಕೊಳ್ಳುತ್ತವೆ, ರಕ್ತವನ್ನೂ ಕೊಡುತ್ತವೆ. ಪಾಲಕನ ಜ್ಞಾನಕ್ಕೆ ಬೆಲೆ ಬರುವುದು ಇಲ್ಲಿ. ಧೈರ್ಯದ ಪ್ರಾಣಿ ಬೇಗ ಕಲಿತೀತು, ಆದರೆ ತಿಂಡಿ ತಡವಾದರೆ ತಲೆಯಿಂದ ತಿವಿದೀತು. ಪುಕ್ಕಲು ಪ್ರಾಣಿಗೆ ದಿಮ್ಮಿಯನ್ನು ದೂರದಿಂದ ನೋಡುವುದಕ್ಕೇ ದಿನಗಳು ಬೇಕಾಗಬಹುದು; ಒಂದು ದಿನ ಆತುರಪಟ್ಟರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ಸರಾಸರಿ ಜಿರಾಫೆಗೆ ಬರೆದ ಪಾಠ ಇಬ್ಬರಿಗೂ ಒಗ್ಗದು.

ಸರಾಸರಿಗೂ ವ್ಯಕ್ತಿಗೂ ಇರುವ ಈ ತಿಕ್ಕಾಟ ಲೋಕದ ಮುಂದೆ ತೆರೆದು ನಿಂತುದು 2014ರ ಫೆಬ್ರವರಿ 9ರಂದು, ಕೋಪನ್‌ಹೇಗನ್ ನಗರದಲ್ಲಿ. ಅಲ್ಲಿನ ಮೃಗಾಲಯದಲ್ಲಿ ಸುಮಾರು ಒಂದೂವರೆ ವರ್ಷದ, ಆರೋಗ್ಯವಾಗಿದ್ದ ಗಂಡು ಜಿರಾಫೆಯೊಂದನ್ನು ಕೊಂದು, ಜನರೆದುರಿಗೆ ಅಂಗಚ್ಛೇದ ಮಾಡಿ ತೋರಿಸಿ, ಮಾಂಸವನ್ನು ಸಿಂಹಗಳಿಗೆ ಹಾಕಲಾಯಿತು. ಯೂರೋಪಿನ ಮೃಗಾಲಯಗಳು ಒಟ್ಟಾಗಿ ನಡೆಸುವ ಸಂತಾನಯೋಜನೆಯಲ್ಲಿ ಅದರ ವಂಶವಾಹಿಗಳು ಆಗಲೇ ಸಾಕಷ್ಟು ಇದ್ದುವು, ಅದರಿಂದ ಮರಿ ಪಡೆದರೆ ರಕ್ತಸಂಬಂಧದೊಳಗಿನ ಸಂತಾನದ ಅಪಾಯ ಹೆಚ್ಚುವುದು ಎಂಬುದು ಆಡಳಿತದವರ ವಾದ. ಬೇರೆ ಮೃಗಾಲಯಗಳು ಅದನ್ನು ಕೇಳಿದ್ದರೂ ಕೊಡಲಿಲ್ಲ. ಲೆಕ್ಕದ ದೃಷ್ಟಿಯಿಂದ ವಾದದಲ್ಲಿ ತಪ್ಪು ಹಿಡಿಯುವುದು ಸುಲಭವಲ್ಲ. ಆದರೂ ಸಾವಿರಾರು ಮಂದಿ ಪ್ರತಿಭಟಿಸಿದರು. ಆ ಜಿರಾಫೆಗೆ ಮಾರಿಯಸ್ ಎಂಬ ಹೆಸರಿತ್ತು. ಪಟ್ಟಿಯಲ್ಲಿನ ಒಂದು ಅಂಕಿಯನ್ನು ಅಳಿಸಿದರೆ ಯಾರೂ ಕೇಳುತ್ತಿರಲಿಲ್ಲ, ಹೆಸರನ್ನು ಅಳಿಸಿದಾಗ ಕೇಳಿದರು. ನಮ್ಮ ಮಟ್ಟಿಗೆ ಹೇಳುವುದಾದರೆ, ಯೋಜನೆಯ ಪಟ್ಟಿಯಲ್ಲಿ ವಂಶವಾಹಿಗಳಿಗೆ ಒಂದು ಅಂಕಣವಿರುವಂತೆ ಸ್ವಭಾವಕ್ಕೂ ಒಂದು ಅಂಕಣವಿರುವುದು ನ್ಯಾಯವೆಂದು ತೋರುತ್ತದೆ.

ಹೀಗೆ ಹೇಳುವುದಕ್ಕೆ ಕನಿಕರವೊಂದೇ ಆಧಾರವಲ್ಲ. ನಮೀಬಿಯದ ಇಟೋಷ ಉದ್ಯಾನದ ಕಾಡು ಜಿರಾಫೆಗಳನ್ನು ಕುರಿತ 2013ರ ಅಧ್ಯಯನದಲ್ಲಿಯೂ ಹೆಣ್ಣುಗಳಿಗೆ ಬೇಕಾದವರು ಬೇಡವಾದವರು ಇರುವುದು ಕಂಡುಬಂದಿತು. ಆದುದರಿಂದ ಸ್ನೇಹವು ಬೇಲಿಯೊಳಗೆ ಮಾತ್ರ ಹುಟ್ಟುವುದೆಂಬ ಆಕ್ಷೇಪ ನಿಲ್ಲದು. ಟಾಂಜಾನಿಯದ ಟಾರಂಗೀರೆ ಪ್ರದೇಶದ ಹೆಣ್ಣು ಜಿರಾಫೆಗಳ ಲೆಕ್ಕ 2021ರಲ್ಲಿ ಪ್ರಕಟವಾಯಿತು. ಹೆಚ್ಚು ಹೆಣ್ಣುಗಳೊಡನೆ ಬೆರೆಯುವ ಹೆಣ್ಣುಗಳು ಒಂಟಿಯಾಗಿರುವವಕ್ಕಿಂತ ಹೆಚ್ಚಾಗಿ ಬದುಕಿ ಉಳಿಯುತ್ತವೆ. ಸುತ್ತಣ ಸಸ್ಯಸಂಪತ್ತಿಗಿಂತಲೂ ಊರಿನ ಸಾಮೀಪ್ಯಕ್ಕಿಂತಲೂ ಇದೇ ಮುಖ್ಯವಾಗಿ ಕಂಡಿತು. ಜೊತೆಗೂಡುವ ಗುಣವು ಬದುಕುವ ಸಾಧನವಾಗಿರುವಾಗ, ಸ್ನೇಹಿತೆಯನ್ನು ಬಿಡಿಸಿ ಇನ್ನೊಂದು ಮೃಗಾಲಯಕ್ಕೆ ಸಾಗಿಸುವ ಮೊದಲು ಎರಡು ಬಾರಿ ಆಲೋಚಿಸಬೇಕಾಗುತ್ತದೆ.

ರಾತ್ರಿಯ ಹೊತ್ತು ಹಿಂಡಿನಲ್ಲಿ ಏನು ನಡೆಯುತ್ತದೆಂಬುದು ಇನ್ನೂ ಪೂರ್ತಿಯಾಗಿ ಬಿಡಿಸದ ಒಗಟು. ಜಿರಾಫೆ ದಿನಕ್ಕೆ ಅರ್ಧ ಗಂಟೆ ಮಾತ್ರ ನಿದ್ರಿಸುತ್ತದೆಂಬ ಮಾತು ಪ್ರಚಾರದಲ್ಲಿದೆ. ಮೃಗಾಲಯದ ಎಂಟು ಜಿರಾಫೆಗಳನ್ನು 152 ರಾತ್ರಿ ನೋಡಿ 1996ರಲ್ಲಿ ಬರೆದ ವರದಿಯ ಪ್ರಕಾರ ಅದರ ನಿದ್ರೆ ಸುಮಾರು 4.6 ಗಂಟೆ. ಮೂಕವೆಂದು ಹೆಸರಾಗಿದ್ದ ಈ ಪ್ರಾಣಿ ಕತ್ತಲೆಯಲ್ಲಿ ಗುನುಗುವುದೂ ಗೊತ್ತಾಗಿದೆ. ವಿಯೆನ್ನಾದ ಸಂಶೋಧಕರು ಯೂರೋಪಿನ ಮೂರು ಮೃಗಾಲಯಗಳಲ್ಲಿ 900 ಗಂಟೆಗೂ ಮೀರಿ ಧ್ವನಿಮುದ್ರಣ ಮಾಡಿ, ಸೆಕೆಂಡಿಗೆ ಸರಾಸರಿ 92 ಕಂಪನಗಳುಳ್ಳ ಈ ನಾದವನ್ನು 2015ರಲ್ಲಿ ಲೋಕಕ್ಕೆ ತಿಳಿಸಿದರು. ಅದು ಗಂಡಸರ ಮಾತಿನ ಶ್ರುತಿಗಿಂತ ತುಸು ತಗ್ಗಿನದು, ನಮ್ಮ ಕಿವಿಗೆ ಕೇಳತಕ್ಕದ್ದೇ. ಒಂದರಿಂದ ಒಂದು ಬೇರ್ಪಟ್ಟಾಗ ಕರೆಯುವ ಕರೆಯೋ ನಿದ್ರೆಯ ಕನವರಿಕೆಯೋ ಎಂದು ನಿರ್ಣಯಿಸಲು ಧ್ವನಿಯೊಂದೇ ಸಾಲದಾಯಿತು.

ಹಗಲಿನ ಕೆಲಸವಾದರೋ ಯಾವ ವಿದ್ಯಾರ್ಥಿಗೂ ಸಾಧ್ಯ. ಮೈಸೂರಿಗೆ ಹೋಗುವ ಅವಕಾಶವುಳ್ಳವರು ಒಂದು ನೋಟುಪುಸ್ತಕವನ್ನೂ ಕೈಗಡಿಯಾರವನ್ನೂ ಜೊತೆಯಲ್ಲಿ ಒಯ್ಯಲಿ. ಮೊದಲ ದಿನ ಬೇರೇನನ್ನೂ ಮಾಡದೆ ಪ್ರತಿಯೊಂದು ಜಿರಾಫೆಯ ಕತ್ತಿನ ಮಚ್ಚೆಗಳ ಚಿತ್ರವನ್ನು ಬರೆದುಕೊಂಡು ಅದಕ್ಕೊಂದು ಸಂಕೇತವನ್ನು ಕೊಡಬೇಕು. ಎಡಪಕ್ಕದ ಮಚ್ಚೆಗೂ ಬಲಪಕ್ಕದ ಮಚ್ಚೆಗೂ ಹೋಲಿಕೆಯಿರದ ಕಾರಣ ಯಾವುದಾದರೂ ಒಂದೇ ಪಕ್ಕವನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಒಂದೇ ಜಿರಾಫೆ ಪುಸ್ತಕದಲ್ಲಿ ಎರಡಾಗುತ್ತದೆ. ಅನಂತರ ಐದು ನಿಮಿಷಕ್ಕೊಮ್ಮೆ, ಪ್ರತಿಯೊಂದಕ್ಕೂ ಅತ್ಯಂತ ಸಮೀಪದಲ್ಲಿರುವುದು ಯಾವುದೆಂದು ಮಾತ್ರ ಬರೆಯುತ್ತ ಹೋಗಬೇಕು. ಸೊಪ್ಪು ಹಾಕುವ ಹೊತ್ತನ್ನು ಬಿಡುವುದು ಲೇಸು, ಆಗ ಎಲ್ಲವೂ ಒಂದೇ ಕಡೆ ಗುಂಪುಗೂಡುತ್ತವೆ. ಕೆಲವು ಭೇಟಿಗಳ ಲೆಕ್ಕವನ್ನು ಕೂಡಿಸಿದ ಮೇಲೆ, ಯಾರ ಜೊತೆ ಯಾರೆಂಬುದನ್ನು ಅಲ್ಲಿನ ಪಾಲಕನನ್ನು ಕೇಳಿ, ಅವನ ಉತ್ತರವನ್ನು ತಮ್ಮ ಪಟ್ಟಿಯೊಡನೆ ತಾಳೆ ನೋಡಬಹುದು. ಪಾಲಕನನ್ನು ಮೊದಲೇ ಕೇಳಕೂಡದು.